ಓದುಗರ ಪ್ರಶ್ನೆ, ನಮ್ಮ ಉತ್ತರ: ನೆಲ್ಲಿಕಾಯಿ, ಬಸ್ಸಾರು ಮತ್ತು ಸಾವಿರ ಮಿಲಿಗ್ರಾಂ ಮಾತ್ರೆ

ಆ್ಯಂಟಿಆಕ್ಸಿಡೆಂಟ್, ಅಂದರೆ ‘ಫ್ರೀ ರಾಡಿಕಲ್’ ಎಂಬ ಅಣುಗಳು ದೇಹಕ್ಕೆ ಮಾಡುವ ಹಾನಿಯನ್ನು ತಡೆಯುವ ಅಂಶ, ಇರುವ ಆಹಾರದ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ನಮ್ಮ ಆಹಾರ ಮತ್ತು ಆರೋಗ್ಯ ಬಳಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ನಮ್ಮ ದೇಹಕ್ಕೂ ‘ಫ್ರೀ ರಾಡಿಕಲ್’ಗಳಿಂದ ತುಕ್ಕು ಹಿಡಿಯುತ್ತದೆ, ಆ್ಯಂಟಿಆಕ್ಸಿಡೆಂಟ್ ತಿಂದರೆ ಅದು ಬಿಡುತ್ತದೆ ಎನ್ನುವ ವಿಡಿಯೊ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. ಎಷ್ಟು ನಿಜ? (ರಾಜಾಜಿನಗರ)

ಉತ್ತರ: ಅರ್ಧ ನಿಜ. ನಾವು ಉಸಿರಾಡಿದ ಆಮ್ಲಜನಕವನ್ನು ಬಳಸಿ ಜೀವಕೋಶದ ಮೈಟೊಕಾಂಡ್ರಿಯಾ ಶಕ್ತಿ ತಯಾರಿಸುವಾಗ ಕೆಲವು ಎಲೆಕ್ಟ್ರಾನ್‌ಗಳು ದಾರಿ ತಪ್ಪಿ ನೇರವಾಗಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಹುಟ್ಟುವುದು ಸೂಪರ್‌ಆಕ್ಸೈಡ್. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವುದರಿಂದ ಅದು ಫ್ರೀ ರಾಡಿಕಲ್. ಮುಂದೆ ಇದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಆ ಪೆರಾಕ್ಸೈಡಿಗೆ ಬಿಡಿ ಕಬ್ಬಿಣವೋ ತಾಮ್ರವೋ ತಗುಲಿದರೆ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಎಲ್ಲಕ್ಕಿಂತ ಉಗ್ರವಾದದ್ದು ಇದು. ಕೊಬ್ಬಿನ ಪೊರೆ, ಪ್ರೋಟೀನ್, ಡಿಎನ್‌ಎ, ಪಕ್ಕದಲ್ಲಿ ಯಾವುದು ಸಿಕ್ಕಿದರೂ ಕೆಡಿಸುತ್ತದೆ. ಇವುಗಳ ಹುಟ್ಟು ಹೆಚ್ಚಿ, ತಡೆಯುವ ಶಕ್ತಿ ಸಾಲದೆ ಬಂದ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಈ ಪದಕ್ಕೆ ಖಚಿತ ಅರ್ಥ ಕೊಟ್ಟರು. ಸಿಗರೇಟು, ವಾಹನಗಳ ಹೊಗೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೊಜ್ಜು, ವಾಸಿಯಾಗದೆ ಉಳಿದ ಉರಿಯೂತ, ಇವೆಲ್ಲ ತಕ್ಕಡಿಯನ್ನು ಆ ಕಡೆಗೆ ಜಗ್ಗುತ್ತವೆ.

ತುಕ್ಕಿನ ಹೋಲಿಕೆ ಇಷ್ಟಕ್ಕೇ ಸಾಕು. ತುಕ್ಕಿನಿಂದ ಕಬ್ಬಿಣಕ್ಕೆ ಯಾವ ಉಪಯೋಗವೂ ಇಲ್ಲ, ಈ ಅಣುಗಳಿಂದ ದೇಹಕ್ಕೆ ಉಪಯೋಗವಿದೆ. ಬಿಳಿ ರಕ್ತಕಣಗಳು ಸೂಪರ್‌ಆಕ್ಸೈಡ್ ತಯಾರಿಸಿಯೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ವ್ಯಾಯಾಮ ಮಾಡಿದ ಸ್ನಾಯುವಿಗೆ ‘ಇನ್ನಷ್ಟು ಗಟ್ಟಿಯಾಗು’ ಎಂಬ ಸೂಚನೆ ಹೋಗುವುದರಲ್ಲೂ ಇವುಗಳ ಪಾತ್ರವಿದೆ. ಪೂರ್ತಿ ಒರೆಸಿಹಾಕುವುದು ಸಾಧ್ಯವೂ ಇಲ್ಲ, ಒಳ್ಳೆಯದೂ ಅಲ್ಲ.

ಇನ್ನೊಂದು ಮಾತು, ವಿಡಿಯೊಗಳು ಎಂದೂ ಹೇಳದ್ದು: ಕಾವಲಿನ ಮುಖ್ಯ ಕೆಲಸ ದೇಹದ ಸ್ವಂತ ಕಿಣ್ವಗಳದ್ದು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಅದರ ಜೊತೆಗೆ ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್. ಕ್ಯಾಟಲೇಸ್‌ನ ಒಂದೇ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ನೀರು, ಆಮ್ಲಜನಕಗಳಾಗಿ ಒಡೆಯುತ್ತದೆ. ಯಾವ ಜ್ಯೂಸೂ ಈ ವೇಗದ ಹತ್ತಿರ ಸುಳಿಯಲಾರದು. ಈ ಕಿಣ್ವಗಳಿಗೆ ತಾಮ್ರ, ಸತು, ಮ್ಯಾಂಗನೀಸ್, ಸೆಲೆನಿಯಂ, ಕಬ್ಬಿಣ ಬೇಕು. ಗ್ಲುಟಾಥಯೋನ್ ತಯಾರಾಗಲು ಪ್ರೋಟೀನಿನ ಅಮೈನೊ ಆಮ್ಲಗಳು ಬೇಕು. ಬೇಳೆ, ಕಾಳು, ಎಳ್ಳು, ಕಡಲೆಕಾಯಿ, ಮೊಟ್ಟೆ, ಮೀನು ಕೊಡುವುದು ಇವನ್ನೇ. ‘ಟಾಪ್ ಟೆನ್ ಆ್ಯಂಟಿಆಕ್ಸಿಡೆಂಟ್’ ಪಟ್ಟಿಗಳಲ್ಲಿ ಬೇಳೆಯ ಹೆಸರು ಕಾಣುವುದೇ ಇಲ್ಲ ಎನ್ನುವುದು ನಮಗೆ ನಿಜವಾಗಿ ಬೇಸರದ ಸಂಗತಿ.

ಹಾಗಾದರೆ ಹಣ್ಣು, ಸೊಪ್ಪುಗಳ ಕೆಲಸವೇನು? ವಿಟಮಿನ್ ಇ ಕೊಬ್ಬಿನ ಪೊರೆಯೊಳಗೆ ಕುಳಿತು ಅಲ್ಲಿನ ಸರಪಳಿ ಕ್ರಿಯೆಯನ್ನು ತುಂಡರಿಸುತ್ತದೆ. ಆ ಕೆಲಸದಲ್ಲಿ ಸೋತುಹೋದ ವಿಟಮಿನ್ ಇ ಅನ್ನು ವಿಟಮಿನ್ ಸಿ ಮತ್ತೆ ಎಬ್ಬಿಸುತ್ತದೆ. ಬಣ್ಣ, ಒಗರು ಕೊಡುವ ಪಾಲಿಫಿನಾಲ್‌ಗಳು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಅದೂ ರೂಪ ಬದಲಿಸಿಕೊಂಡು. ಅವುಗಳ ದೊಡ್ಡ ಉಪಕಾರ ಬೇರೆಯದು. ಜೀವಕೋಶಕ್ಕೆ ಸಣ್ಣದೊಂದು ಚುರುಕು ಮುಟ್ಟಿಸಿ, ಎನ್‌ಆರ್‌ಎಫ್2 ಎಂಬ ಪ್ರೋಟೀನಿನ ಮೂಲಕ ಆ ಸ್ವಂತ ಕಿಣ್ವಗಳನ್ನೇ ಹೆಚ್ಚು ತಯಾರಿಸುವಂತೆ ಮಾಡುತ್ತವೆ. ಮುಂದಿನ ಉತ್ತರಗಳಲ್ಲಿ ‘ಮಾತ್ರೆ ಬೇಡ, ತಟ್ಟೆ ಸರಿಮಾಡಿ’ ಎಂದು ನಾವು ಹೇಳುವುದಕ್ಕೆಲ್ಲ ಕಾರಣ ಇದೇ.

ಪ್ರಶ್ನೆ: ದಿನಕ್ಕೆ ಎಷ್ಟು ನೆಲ್ಲಿಕಾಯಿ ತಿನ್ನಬೇಕು? ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು, ಅದಕ್ಕೆ ನೆಲ್ಲಿಕಾಯಿ ರಸ ಹಿಂಡಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಿದ್ದೇನೆ. ಇತ್ತೀಚೆಗೆ ವಾಕರಿಕೆ ಬರುತ್ತಿದೆ. (ಬಸವನಗುಡಿ)

ಉತ್ತರ: ಮೊದಲು ಆ ಚೊಂಬನ್ನು ಬಿಡಿ. ಹುಳಿ ರಸ ತಾಮ್ರವನ್ನು ಕರಗಿಸುತ್ತದೆ. ಕರಗಿದ ತಾಮ್ರ ಎರಡು ಕೇಡು ಮಾಡುತ್ತದೆ: ಹೊಟ್ಟೆಗೆ ಹೋಗಿ ವಾಕರಿಕೆ, ಹೊಟ್ಟೆನೋವು ತರುತ್ತದೆ, ಪಾತ್ರೆಯಲ್ಲಿರುವಾಗಲೇ ವಿಟಮಿನ್ ಸಿ ಅನ್ನು ಬೇಗ ಬೇಗ ನಾಶಮಾಡುತ್ತದೆ. ನೀವು ಯಾವುದಕ್ಕಾಗಿ ಕುಡಿಯುತ್ತಿದ್ದೀರೋ ಅದು ಬೆಳಗಾಗುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ನಿಂಬೆ, ಮಜ್ಜಿಗೆ, ಹುಣಸೆ ಹಾಕಿದ ಯಾವುದೂ ತಾಮ್ರದಲ್ಲಿ ಅಥವಾ ಕಲಾಯಿ ಹೋದ ಹಿತ್ತಾಳೆಯಲ್ಲಿ ಇರಬಾರದು. ಪಾತ್ರೆ ಬದಲಿಸಿದ ಮೇಲೂ ವಾಕರಿಕೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ದಿನಕ್ಕೆ ಬೇಕಾದ ವಿಟಮಿನ್ ಸಿ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಹಳೆಯ ಪುಸ್ತಕಗಳಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಎಂದಿರುತ್ತದೆ. ಅದೇ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಈ ಕಡಿಮೆ ಅಂಕಿಯನ್ನೇ ಹಿಡಿದರೂ ಬೀಜ ತೆಗೆದ 30 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಕಾಯಿ, ದಿನದ ಬಾಬತ್ತನ್ನು ಹೆಚ್ಚುಕಡಿಮೆ ತುಂಬುತ್ತದೆ. ಎರಡು ತಿಂದರೆ ಅಡ್ಡಿಯಿಲ್ಲ. ಹತ್ತು ತಿಂದರೆ ಹತ್ತರಷ್ಟು ಲಾಭವೂ ಇಲ್ಲ: ದಿನಕ್ಕೆ 200 ಮಿಲಿಗ್ರಾಂ ಒಳಗಿದ್ದಾಗ ಕರುಳು ಬಹುಪಾಲನ್ನು ಹೀರುತ್ತದೆ, ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ, ಮೈಗೆ ಸೇರಿದ ಹೆಚ್ಚುವರಿಯೂ ಮೂತ್ರದಲ್ಲಿ ಹೊರಟುಹೋಗುತ್ತದೆ.

ನೆಲ್ಲಿಕಾಯಿಯನ್ನು ತಿನ್ನುವ ಹೊತ್ತಿಗೆ ಸ್ಟೀಲ್ ಚಾಕುವಿನಲ್ಲಿ ಹೆಚ್ಚಿ. ತುರಿದು ಗಂಟೆಗಟ್ಟಲೆ ಬಿಟ್ಟರೆ ಗಾಳಿಗೆ ಸಿ ಕಳೆಯುತ್ತದೆ. ಚಿತ್ರಾನ್ನಕ್ಕೆ ಹಾಕುವುದಾದರೆ ಒಗ್ಗರಣೆ ಇಳಿಸಿ, ಅನ್ನ ಕಲಸುವಾಗ ತುರಿಯನ್ನು ಸೇರಿಸಿ. ತಂಬುಳಿ ಇನ್ನೂ ಒಳ್ಳೆಯದು: ಒಂದು ಕಾಯಿ, ಎರಡು ಚಮಚ ತೆಂಗಿನತುರಿ, ಅರ್ಧ ಚಮಚ ಹುರಿದ ಜೀರಿಗೆ, ಒಂದು ಹಸಿಮೆಣಸು ರುಬ್ಬಿ ಮಜ್ಜಿಗೆಗೆ ಬೆರೆಸಿದರಾಯಿತು, ಬೆಂಕಿಯ ಸೋಂಕೇ ಇಲ್ಲ. ನೆಲ್ಲಿ ಮುರಬ್ಬ, ಕ್ಯಾಂಡಿಗಳನ್ನು ಮಿಠಾಯಿಯೆಂದೇ ಎಣಿಸಿ. ರಸ ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಹಲ್ಲುಜ್ಜಬೇಡಿ. ಹುಳಿಗೆ ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಸವೆಯುತ್ತದೆ.

ನೆಲ್ಲಿಕಾಯಿ ಸಿಗದ ತಿಂಗಳಲ್ಲಿ ಸೀಬೆಹಣ್ಣು. 100 ಗ್ರಾಮಿಗೆ 200 ಮಿಲಿಗ್ರಾಂ ಮೀರಿ ಸಿ ಇರುತ್ತದೆ, ಸಿಪ್ಪೆ ಸಮೇತ ತಿನ್ನಿ. ಒಳಗೆ ಕೆಂಪಾಗಿರುವ ತಳಿ ಸಿಕ್ಕಿದರೆ ಆ ಕೆಂಪು ಬಣ್ಣದ ಅಂಶ ಲೈಕೋಪೀನ್ ಕೂಡ ಸಿಗುತ್ತದೆ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಕಿರಣ್’ ಅಂಥದ್ದು.

ಪ್ರಶ್ನೆ: ಸೊಪ್ಪನ್ನು ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ, ಹಸಿ ಪಾಲಕ್ ಸ್ಮೂದಿ ಕುಡಿಯಮ್ಮ ಎಂದು ಮಗಳು ಹೇಳುತ್ತಾಳೆ. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಬಸ್ಸಾರು. ಬಿಡಬೇಕೇ? (ವಿಜಯನಗರ)

ಉತ್ತರ: ಬಿಡಬೇಡಿ ತಾಯಿ. ಸೊಪ್ಪನ್ನು ಹೆಚ್ಚು ನೀರಲ್ಲಿ ಬೇಯಿಸಿ ನೀರು ಚೆಲ್ಲಿದಾಗ ವಿಟಮಿನ್ ಸಿ, ಫೋಲೇಟ್, ಪಾಲಿಫಿನಾಲ್‌ಗಳ ದೊಡ್ಡ ಪಾಲು ಆ ನೀರಿನ ಜೊತೆ ಹೋಗುತ್ತದೆ ಎನ್ನುವುದು ಸರಿ. ಬಸ್ಸಾರಿನಲ್ಲಿ ನೀವು ನೀರು ಚೆಲ್ಲುವುದೇ ಇಲ್ಲವಲ್ಲ! ಬಸಿದ ಕಟ್ಟು ಸಾರಾಗುತ್ತದೆ, ಬೆಂದ ಸೊಪ್ಪು, ಕಾಳು ಪಲ್ಯವಾಗುತ್ತದೆ. ಕಾವಿಗೆ ಒಂದಿಷ್ಟು ಸಿ ನಷ್ಟವಾಗುವುದು ನಿಜ. ಅದನ್ನು ಊಟಕ್ಕೆ ಕೂತಾಗ ಹಿಂಡುವ ಅರ್ಧ ನಿಂಬೆ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ, ಕಾಳಿನ ಕಬ್ಬಿಣ ಮೈಗೆ ಹಿಡಿಯಲೂ ನೆರವಾಗುತ್ತದೆ.

ಬೇಯಿಸುವುದರಿಂದ ಲಾಭವಾಗುವ ಅಂಶಗಳೂ ಇವೆ. ಬೀಟಾ ಕೆರೋಟಿನ್, ಲ್ಯೂಟಿನ್, ಟೊಮೆಟೊದ ಲೈಕೋಪೀನ್ ಇವೆಲ್ಲ ಕೊಬ್ಬಿನಲ್ಲಿ ಕರಗುವ ಬಣ್ಣದ ಅಂಶಗಳು, ಎಲೆಯ ನಾರಿನ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತವೆ. ಬೆಂದಾಗ ಗೂಡು ಸಡಿಲವಾಗುತ್ತದೆ, ಎಣ್ಣೆ ಸಿಕ್ಕಾಗ ಕರುಳು ಈ ಅಂಶಗಳನ್ನು ಹೀರಿಕೊಳ್ಳುತ್ತದೆ. ಒಬ್ಬರ ಪಾಲಿಗೆ ಒಂದು ಟೀ ಚಮಚ ಎಣ್ಣೆಯ ಒಗ್ಗರಣೆ ಅಥವಾ ಎರಡು ಚಮಚ ತೆಂಗಿನತುರಿ ಸಾಕು. ಎಣ್ಣೆ ಸೋಂಕದ ಹಸಿ ಸ್ಮೂದಿಯಲ್ಲಿ ಈ ಅಂಶಗಳ ಬಹುಪಾಲು ಮೈಗೆ ಹಿಡಿಯದೆ ಹೊರಹೋಗುತ್ತದೆ. ಪಾಲಕ್‌ನಲ್ಲಿ ಮೂತ್ರಪಿಂಡದ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ವಿಪರೀತ. ದಿನವೂ ದೊಡ್ಡ ಲೋಟ ಹಸಿ ಪಾಲಕ್ ಕುಡಿದು ಮೂತ್ರಪಿಂಡಕ್ಕೆ ಪೆಟ್ಟು ಮಾಡಿಕೊಂಡವರ ವೈದ್ಯಕೀಯ ವರದಿಗಳಿವೆ. ಹಿಂದೆ ಕಲ್ಲು ಆಗಿದ್ದವರು ಇದರ ತಂಟೆಗೇ ಹೋಗಬಾರದು. ಪಾಲಕ್ ಒಂದನ್ನು ಮಾತ್ರ ಬೇಯಿಸಿದ ನೀರು ಚೆಲ್ಲುವುದು ಅಂಥವರಿಗೆ ಒಳ್ಳೆಯದು, ಆಕ್ಸಲೇಟ್ ಅದರ ಜೊತೆ ಇಳಿದುಹೋಗುತ್ತದೆ. ಅವರು ಬಸ್ಸಾರಿಗೆ ಮೆಂತ್ಯ, ಸಬ್ಬಸಿಗೆ, ನುಗ್ಗೆ ಸೊಪ್ಪುಗಳನ್ನು ಬಳಸಲಿ.

ಸೊಪ್ಪು ಬೇಯಿಸುವ ಕ್ರಮದಲ್ಲಿ ಮೂರು ತಪ್ಪು ಸಾಮಾನ್ಯ. ಹೆಚ್ಚಿದ ಮೇಲೆ ತೊಳೆಯುವುದು: ಕತ್ತರಿಸಿದ ಅಂಚಿನಿಂದ ಸತ್ವ ನೀರಿಗಿಳಿಯುತ್ತದೆ, ಮೊದಲೇ ತೊಳೆದು ಆಮೇಲೆ ಹೆಚ್ಚಿ. ಹಸಿರು ಉಳಿಯಲೆಂದು ಸೋಡಾ ಹಾಕುವುದು: ಕ್ಷಾರಕ್ಕೆ ವಿಟಮಿನ್ ಸಿ ನಿಲ್ಲುವುದಿಲ್ಲ. ಕಾಳಿನ ಜೊತೆಯಲ್ಲೇ ಸೊಪ್ಪನ್ನೂ ಕುಕ್ಕರಿಗೆ ತುಂಬಿ ನಾಲ್ಕು ಕೂಗು ಕೂಗಿಸುವುದು: ಕಾಳು ಬೆಂದ ಮೇಲೆ ಸೊಪ್ಪು ಹಾಕಿ ಐದಾರು ನಿಮಿಷ ಕುದಿಸಿದರೆ ಸಾಕು.

ಎಲೆಕೋಸು, ಮೂಲಂಗಿಗಳದ್ದು ಬೇರೆ ಲೆಕ್ಕ. ಅವುಗಳಲ್ಲಿ ಎನ್‌ಆರ್‌ಎಫ್2 ಅನ್ನು ಎಬ್ಬಿಸುವ ಗಂಧಕದ ಅಂಶ ಹುಟ್ಟಲು ಮೈರೊಸಿನೇಸ್ ಎಂಬ ಕಿಣ್ವ ಬೇಕು. ಕಾವಿಗೆ ಅದು ಸಾಯುತ್ತದೆ. ಹೆಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಬೇಯಿಸಿದರೆ ಕಿಣ್ವ ತನ್ನ ಕೆಲಸ ಮುಗಿಸಿರುತ್ತದೆ. ಇನ್ನೊಂದು ಉಪಾಯ ಹಸಿ ಸಾಸಿವೆ. ಸಿಡಿಸಿದ ಸಾಸಿವೆಯಲ್ಲಿ ಕಿಣ್ವ ಸತ್ತಿರುತ್ತದೆ, ಹಸಿಯಾಗಿ ಅರೆದದ್ದರಲ್ಲಿ ಜೀವಂತವಾಗಿರುತ್ತದೆ. ಬೆಂದ ಎಲೆಕೋಸು ಆರಿದ ಮೇಲೆ, ಕಾಯಿತುರಿಯ ಜೊತೆ ಅರ್ಧ ಚಮಚ ಹಸಿ ಸಾಸಿವೆ ರುಬ್ಬಿ ಮೊಸರಿನಲ್ಲಿ ಕಲಸಿ. ನಮ್ಮವರು ಮಾಡುವ ‘ಸಾಸಿವೆ’ ಅದೇ ತಾನೆ.

ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಒಂದು ಎಚ್ಚರ: ಸೊಪ್ಪಿನ ವಿಟಮಿನ್ ಕೆ ಆ ಔಷಧಿಗೆ ಎದುರಾಗಿ ಕೆಲಸ ಮಾಡುತ್ತದೆ. ಸೊಪ್ಪು ನಿಲ್ಲಿಸಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸರಿ.

ಪ್ರಶ್ನೆ: ವಯಸ್ಸು 38, ಐಟಿ ಕೆಲಸ, ದಿನಕ್ಕೆ ಹತ್ತು ಸಿಗರೇಟು. ಬಿಡಲಾಗುತ್ತಿಲ್ಲ. ಹಾನಿ ತಡೆಯಲು ವಿಟಮಿನ್ ಸಿ 1000 ಮಿಲಿಗ್ರಾಂ, ವಿಟಮಿನ್ ಇ 400 ಐಯು (ಅಂತರರಾಷ್ಟ್ರೀಯ ಯೂನಿಟ್) ಮತ್ತು ಬೀಟಾ ಕೆರೋಟಿನ್ ಇರುವ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ತರಿಸಿ ನುಂಗುತ್ತಿದ್ದೇನೆ. (ವೈಟ್‌ಫೀಲ್ಡ್)

ಉತ್ತರ: ಬೀಟಾ ಕೆರೋಟಿನ್ ಮಾತ್ರೆಯನ್ನು ಇಂದೇ ನಿಲ್ಲಿಸಿ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ತಗ್ಗುತ್ತದೆಂದು ಎಣಿಸಿದವರಿಗೆ ಇದು ಸಿಡಿಲೆರಗಿದಂತಾಯಿತು. ಅಮೆರಿಕದ ‘ಕ್ಯಾರೆಟ್’ ಪ್ರಯೋಗದಲ್ಲಿ ಸೇದುವವರು, ಹಿಂದೆ ಸೇದುತ್ತಿದ್ದವರು, ಕಲ್ನಾರಿನ (ಆಸ್ಬೆಸ್ಟಾಸ್) ಕೆಲಸ ಮಾಡಿದವರು ಸೇರಿ 18,314 ಮಂದಿ ಇದ್ದರು. 30 ಮಿಲಿಗ್ರಾಂ ಬೀಟಾ ಕೆರೋಟಿನ್ ಮತ್ತು ವಿಟಮಿನ್ ಎ ಪಡೆದವರಲ್ಲಿ ಕ್ಯಾನ್ಸರ್ ಶೇ 28 ಹೆಚ್ಚಿದ್ದು ಕಂಡು 1996ರಲ್ಲಿ, ಗಡುವಿಗೆ 21 ತಿಂಗಳು ಮೊದಲೇ, ಪ್ರಯೋಗ ನಿಲ್ಲಿಸಿದರು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾದ ಬೀಟಾ ಕೆರೋಟಿನ್ ತಾನೇ ಒಡೆದು, ಅದರ ಚೂರುಗಳು ಹಾನಿ ಮಾಡುತ್ತವೆ ಎನ್ನುವುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಕ್ಯಾರೆಟ್ ಪಲ್ಯ ತಿನ್ನುವುದಕ್ಕೆ ಈ ಭಯ ಬೇಡ; ಆಹಾರದಿಂದ ಅದು ನಿಧಾನವಾಗಿ, ಬೇರೆ ಅಂಶಗಳ ಜೊತೆಗೂಡಿ ರಕ್ತಕ್ಕೆ ಬರುತ್ತದೆ.

ವಿಟಮಿನ್ ಇ 400 ಐಯು ಕೂಡ ನಿರಪಾಯಕಾರಿಯಲ್ಲ. 35,533 ಗಂಡಸರಿದ್ದ ‘ಸೆಲೆಕ್ಟ್’ ಪ್ರಯೋಗದಲ್ಲಿ ಇದೇ ಪ್ರಮಾಣ ಪಡೆದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಹೆಚ್ಚಾಗಿದ್ದು 2011ರಲ್ಲಿ ಪ್ರಕಟವಾಯಿತು. ಸಿ 1000 ಮಿಲಿಗ್ರಾಮಿನ ಬಹುಪಾಲು ದೇಹದಿಂದ ಹೊರಟುಹೋಗುತ್ತದೆ, ಒಂದು ಪಾಲು ಆಕ್ಸಲೇಟ್ ಆಗುತ್ತದೆ. ಸ್ವೀಡನ್ನಿನ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಸಿ ಮಾತ್ರೆ ನುಂಗುವವರಿಗೆ ಮೂತ್ರಪಿಂಡದ ಕಲ್ಲು ಸುಮಾರು ಎರಡರಷ್ಟು ಕಂಡಿತು.

ಸೇದುವವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಸಿ ಬೇಕು ಎನ್ನುತ್ತದೆ ಅಮೆರಿಕದ ಶಿಫಾರಸು. ಅದು ಅರ್ಧ ಸೀಬೆಹಣ್ಣಿನಲ್ಲಿ ಮುಗಿಯಿತು. ನಿಮ್ಮ ದೇಹದ ಆಕ್ಸಿಡೇಟಿವ್ ಸ್ಟ್ರೆಸ್ ಇಳಿಸುವ ಅತಿ ದೊಡ್ಡ ಹೆಜ್ಜೆ ಆ ಹತ್ತು ಸಿಗರೇಟು ನಿಲ್ಲಿಸುವುದು. ಒಬ್ಬರೇ ಹೋರಾಡಬೇಕಿಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಿಕೋಟಿನ್ ಗಮ್, ಪ್ಯಾಚ್‌ಗಳ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ಜಿಮ್ ಮುಗಿದ ಕೂಡಲೇ ವಿಟಮಿನ್ ಸಿ ಮಾತ್ರೆ ನುಂಗಿದರೆ ಸ್ನಾಯುವಿಗೆ ಒಳ್ಳೆಯದು ಎಂದು ತರಬೇತುದಾರರು ಹೇಳುತ್ತಾರೆ. (ಎಚ್‌ಎಸ್‌ಆರ್ ಲೇಔಟ್)

ಉತ್ತರ: ಬೇಡ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಸಿ ಮತ್ತು 400 ಐಯು ಇ ನುಂಗುತ್ತ ನಾಲ್ಕು ವಾರ ವ್ಯಾಯಾಮ ಮಾಡಿದವರಿಗೆ, ವ್ಯಾಯಾಮದಿಂದ ಬರಬೇಕಿದ್ದ ಇನ್ಸುಲಿನ್ ಸ್ಪಂದನೆಯ ಸುಧಾರಣೆಯೇ ಬರಲಿಲ್ಲ. ಮಾತ್ರೆ ನುಂಗದವರಿಗೆ ಬಂತು. ಮೊದಲ ಉತ್ತರದಲ್ಲಿ ಹೇಳಿದ ‘ಗಟ್ಟಿಯಾಗು’ ಸೂಚನೆಯನ್ನೇ ಮಾತ್ರೆ ಅಳಿಸಿತ್ತು. ಮೊಳಕೆ ಹೆಸರುಕಾಳಿನ ಕೋಸಂಬರಿ ಅಥವಾ ಎರಡು ಮೊಟ್ಟೆ, ಜೊತೆಗೊಂದು ಹಣ್ಣು ತಿನ್ನಿ.

ಪ್ರಶ್ನೆ: ಅರಿಶಿನ ಹಾಲು ಕುಡಿದರೆ ಸಾಕೋ, ಕರ್ಕ್ಯುಮಿನ್ ಕ್ಯಾಪ್ಸೂಲೇ ಬೇಕೋ? (ಮಲ್ಲೇಶ್ವರ)

ಉತ್ತರ: ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಪುಡಿಯಲ್ಲಿ ಇರುವುದು ಸುಮಾರು ಶೇ 3. ಅರ್ಧ ಚಮಚ, ಅಂದರೆ ಒಂದೂವರೆ ಗ್ರಾಂ ಪುಡಿಯಲ್ಲಿ 45 ಮಿಲಿಗ್ರಾಂ. ಅದರಲ್ಲೂ ರಕ್ತಕ್ಕೆ ಸೇರುವುದು ತೀರ ಅಲ್ಪ. ಕಾಳು ಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆಗಿದ್ದರೆ ಈ ಪ್ರಮಾಣ ಏರುತ್ತದೆ ಎಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಹೀರಿಕೆ ಶೇ 2000ರಷ್ಟು ಹೆಚ್ಚಿತು. ಆ 20 ಮಿಲಿಗ್ರಾಂ ಏಳೆಂಟು ಕಾಳು ಮೆಣಸಿನಲ್ಲಿರುತ್ತದೆ. ಕ್ಯಾಪ್ಸೂಲ್ ಮಾರುವವರೆಲ್ಲ ಈ ಅಂಕಿಯನ್ನು ಮೊದಲ ಸಾಲಿಗೇ ಹಾಕುತ್ತಾರೆ. ಅವರು ಹೇಳದ್ದು: ಮೊದಲಿದ್ದದ್ದೇ ಅತ್ಯಲ್ಪ, ಇಪ್ಪತ್ತು ಪಟ್ಟಾದರೂ ಅದು ಕೊಂಚವೇ, ಏರಿದ್ದೂ ಒಂದೆರಡು ಗಂಟೆಯೊಳಗೆ ಇಳಿಯುತ್ತದೆ.

ಸಾರು, ಪಲ್ಯ, ಹಾಲಿಗೆ ಬಳಸುವ ಅರಿಶಿನ ಧಾರಾಳವಾಗಿ ಇರಲಿ. ಪೈಪರಿನ್ ಬೆರೆಸಿದ ಗಾಢ ಕ್ಯಾಪ್ಸೂಲ್ ವಿಷಯದಲ್ಲಿ ನಮಗೆ ಆತಂಕವಿದೆ. ಅದನ್ನು ನುಂಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕಗಳಿಂದ ವರದಿಯಾಗಿವೆ. ಪೈಪರಿನ್ ಬೇರೆ ಔಷಧಿಗಳ ಹೀರಿಕೆಯನ್ನೂ ಏರಿಸಬಲ್ಲದು. ಫಿಟ್ಸ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದೂರವಿರಿ. ಪುಡಿಯ ಶುದ್ಧತೆ ನೋಡಲು ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕದೆ ಬಿಡಿ. ಒಳ್ಳೆಯ ಪುಡಿ ತಿಳಿ ಹಳದಿ ಬಿಡುತ್ತ ತಳಕ್ಕಿಳಿಯುತ್ತದೆ, ಕೃತಕ ಬಣ್ಣ ಬೆರೆಸಿದ್ದರೆ ನೀರು ಗಾಢ ಹಳದಿಯಾಗುತ್ತದೆ.

ಪ್ರಶ್ನೆ: ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ. ಕಾಫಿಯಲ್ಲೂ ಆ್ಯಂಟಿಆಕ್ಸಿಡೆಂಟ್ ಇದೆಯಂತಲ್ಲ? ರಕ್ತಹೀನತೆಗೆ ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದಾರೆ. (ತ್ಯಾಗರಾಜನಗರ)

ಉತ್ತರ: ಇದೆ, ಕ್ಲೋರೊಜೆನಿಕ್ ಆಮ್ಲ. ಬೀಜ ಕಪ್ಪಗೆ ಹುರಿದಷ್ಟೂ ಅದು ಕಡಿಮೆಯಾಗುತ್ತದೆ. ನಿಮಗೆ ಮುಖ್ಯವಾದದ್ದು ಬೇರೆ: ಕಾಫಿ, ಟೀಗಳ ಪಾಲಿಫಿನಾಲ್‌ಗಳು ಸೊಪ್ಪು, ಕಾಳು ಮತ್ತು ಮಾತ್ರೆಯ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟಕ್ಕೂ ಕಾಫಿಗೂ ನಡುವೆ ಎರಡು ಗಂಟೆ ಬಿಡಿ, ಮಾತ್ರೆಯನ್ನು ನಿಂಬೆ ನೀರಿನ ಜೊತೆ ನುಂಗಿ. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ನಾಲ್ಕು ಲೋಟಕ್ಕೆ 40 ಗ್ರಾಂ. ಆ ಸಕ್ಕರೆ ಮಾಡುವ ಕೆಡುಕನ್ನು ಕಾಫಿಯ ಆಮ್ಲ ಸರಿದೂಗಿಸಲಾರದು. ನಾಲ್ಕನ್ನು ಬೈಟು ಮಾಡಿಕೊಂಡರೂ ಅರ್ಧ ಇಳಿಯಿತಲ್ಲ.

ಪ್ರಶ್ನೆ: ಆಟೊ ಓಡಿಸುತ್ತೇನೆ. ದಿನವೂ ಸಿಲ್ಕ್ ಬೋರ್ಡ್ ಕಡೆ ಹೊಗೆ ಕುಡಿಯುತ್ತೇನೆ. ರಾತ್ರಿ ಬೆಲ್ಲ ತಿಂದರೆ ಶ್ವಾಸಕೋಶ ಶುದ್ಧವಾಗುತ್ತದೆಯೇ? (ಬೊಮ್ಮನಹಳ್ಳಿ)

ಉತ್ತರ: ಇಲ್ಲ ಅಣ್ಣ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಡೀಸೆಲ್ ಹೊಗೆಯ ಅತಿಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿದು ಅಲ್ಲೇ ರಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ಮೂಗಿನ ಪಕ್ಕ ಸಂದಿ ಬೀಳದಂತೆ ಕೂರುವ ಎನ್95 ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯದು. ಸಿಗ್ನಲ್‌ನಲ್ಲಿ ಬಸ್ಸು, ಲಾರಿಯ ಹೊಗೆ ಕೊಳವೆಯ ಹಿಂದೆಯೇ ನಿಲ್ಲದೆ ಒಂದಿಷ್ಟು ಅಂತರ ಬಿಡಿ. ಗಾಡಿಯಲ್ಲಿ ಒಂದು ಸೀಬೆಹಣ್ಣು ಇಟ್ಟುಕೊಂಡರೆ ಒಳ್ಳೆಯದು. ಅದು ಮಾಸ್ಕಿನ ಬದಲಿಗಲ್ಲ, ಜೊತೆಗೆ.

ಪ್ರಶ್ನೆ: ಹಬ್ಬಕ್ಕೆ ಚಕ್ಕುಲಿ, ಕಜ್ಜಾಯ ಕರಿದ ಎಣ್ಣೆ ಒಂದೂವರೆ ಲೀಟರ್ ಉಳಿದಿದೆ. ಹೊಸ ಎಣ್ಣೆ ಬೆರೆಸಿ ಸಂಜೆ ಬಜ್ಜಿಗೆ ಬಳಸಬಹುದೇ? (ಬನಶಂಕರಿ)

ಉತ್ತರ: ಬೆರೆಸಬೇಡಿ. ಕಾದು ಕೆಟ್ಟ ಎಣ್ಣೆಯಲ್ಲಿರುವ ಪೆರಾಕ್ಸೈಡ್‌ಗಳು ಹೊಸ ಎಣ್ಣೆಯನ್ನೂ ಬೇಗ ಕೆಡಿಸುತ್ತವೆ; ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ್ಯಂಟಿಆಕ್ಸಿಡೆಂಟ್ ಹುಡುಕಿಕೊಂಡು ಅಂಗಡಿ ಸುತ್ತುವ ಎಷ್ಟೋ ಮನೆಗಳಲ್ಲಿ ಒಲೆಯ ಪಕ್ಕದ ಈ ಡಬ್ಬಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳಿಗೆ ಶೇ 25ರ ಮಿತಿ ಹಾಕಿ 2018ರ ಜುಲೈನಿಂದ ಜಾರಿಗೆ ತಂದಿದೆ. ಮನೆಯಲ್ಲಿ ಅದನ್ನು ಅಳೆಯುವ ಮೀಟರ್ ಇರುವುದಿಲ್ಲ, ಕಣ್ಣು ಮೂಗುಗಳೇ ಅಳತೆ: ಕಾಯುವ ಮೊದಲೇ ಹೊಗೆ, ಕರಿಯುವಾಗ ಇಳಿಯದ ನೊರೆ, ಬೆರಳಿಗೆ ಅಂಟು, ಕಮಟು ವಾಸನೆ. ಇವುಗಳಲ್ಲಿ ಒಂದು ಕಂಡರೂ ಬಿಸಾಡಿ.

ಒಮ್ಮೆ ಕರಿದ ಎಣ್ಣೆ ಚೆನ್ನಾಗಿದ್ದರೆ ಬೆಚ್ಚಗಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಳದ ಕರಕಲು ಚೂರು, ಉಪ್ಪು ಎಣ್ಣೆ ಕೆಡುವುದನ್ನು ಚುರುಕುಗೊಳಿಸುತ್ತವೆ. ಕಬ್ಬಿಣದ ಬಾಣಲೆಯಲ್ಲಿ ಬಿಡದೆ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಒಂದೆರಡು ದಿನದೊಳಗೆ ಒಗ್ಗರಣೆ, ಪಲ್ಯಗಳಿಗೆ ಮುಗಿಸಿ, ಮತ್ತೆ ಕರಿಯಲು ಬೇಡ. ಮುಂದಿನ ಹಬ್ಬಕ್ಕೆ ಸಣ್ಣ, ಆಳದ ಬಾಣಲೆಯಲ್ಲಿ ಅರ್ಧ ಲೀಟರ್ ಹಾಕಿ ಸ್ವಲ್ಪಸ್ವಲ್ಪವಾಗಿ ಕರಿದರೆ ಇಷ್ಟು ಉಳಿಯುವುದೇ ಇಲ್ಲ. ಬಿಸಾಡುವುದನ್ನು ಸಿಂಕಿಗೆ ಸುರಿಯದಿರಿ. ಬಾಟಲಿಯಲ್ಲಿ ತುಂಬಿಟ್ಟರೆ ಬಯೋಡೀಸೆಲ್‌ಗೆ ಸಂಗ್ರಹಿಸುವವರಿಗೆ ಕೊಡಬಹುದು.

ಪ್ರಶ್ನೆ: ಅಮ್ಮನಿಗೆ ಕೊಲೆಸ್ಟರಾಲ್ ಮಾತ್ರೆ ನಡೆಯುತ್ತಿದೆ. ದೇವನಹಳ್ಳಿಯಿಂದ ಚಕ್ಕೋತ ತಂದಿದ್ದೇವೆ. ಹಣ್ಣು ಬೆಳಗ್ಗೆ, ಮಾತ್ರೆ ರಾತ್ರಿ ಕೊಟ್ಟರೆ ಸರಿಯೇ? (ಯಲಹಂಕ)

ಉತ್ತರ: ಯಾವ ಮಾತ್ರೆ ಎಂದು ಚೀಟಿ ನೋಡಿ. ಅಟೊರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ಆದರೆ ಚಕ್ಕೋತ ಕೊಡುವ ಮುನ್ನ ವೈದ್ಯರನ್ನು ಕೇಳಿ. ಚಕ್ಕೋತದಲ್ಲಿರುವ ಫ್ಯುರಾನೊಕೂಮರಿನ್ ಎಂಬ ಅಂಶಗಳು ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನು ಕೆಡಿಸುತ್ತವೆ, ಔಷಧಿ ರಕ್ತದಲ್ಲಿ ಮಿತಿಮೀರಿ ಸೇರಬಹುದು. ಹೊಸ ಕಿಣ್ವ ತಯಾರಾಗಲು ಒಂದರಿಂದ ಮೂರು ದಿನ ಬೇಕು, ಆದ್ದರಿಂದ ಬೆಳಗ್ಗೆ ರಾತ್ರಿ ಎಂದು ಅಂತರ ಬಿಟ್ಟರೂ ಉಪಯೋಗವಿಲ್ಲ. ರೋಸುವಾಸ್ಟಾಟಿನ್‌ಗೆ ಈ ತೊಂದರೆ ಇಲ್ಲ. ರಕ್ತದೊತ್ತಡದ ಫೆಲೊಡಿಪಿನ್, ನಿಫೆಡಿಪಿನ್, ಮೂತ್ರಪಿಂಡ ಕಸಿಯಾದವರ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೋರಿನ್‌ಗಳಿಗೂ ಇದೇ ಎಚ್ಚರ ಬೇಕು. ಅಮ್ಮನಿಗೆ ಕಿತ್ತಳೆಯೋ ಮೂಸಂಬಿಯೋ ಕೊಡಿ, ಚಕ್ಕೋತ ನೀವು ತಿನ್ನಿ. ಒಳ್ಳೆಯ ಹಣ್ಣು, ಬಿಡುವಂಥದ್ದಲ್ಲ.

ಪ್ರಶ್ನೆ: ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಪರೀಕ್ಷಿಸಿದರು. ‘ತುಂಬ ಚೆನ್ನಾಗಿದೆ’ ಎಂದು ಬಂತು. ಆದರೆ ಯೂರಿಕ್ ಆಮ್ಲ ಜಾಸ್ತಿ ಇದೆ. (ಕೋರಮಂಗಲ)

ಉತ್ತರ: ಎರಡೂ ಒಂದೇ ಸುದ್ದಿ ಇರಬಹುದು. ರಕ್ತದ ಒಟ್ಟು ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯದಲ್ಲಿ ದೊಡ್ಡ ಪಾಲು ಯೂರಿಕ್ ಆಮ್ಲದ್ದೇ. ಅದು ಏರಿದರೆ ಈ ಅಂಕಿಯೂ ಏರುತ್ತದೆ, ಯೂರಿಕ್ ಆಮ್ಲ ಹೆಚ್ಚಿ ಕೀಲು ನೋಯುವ ಗೌಟ್ ಇರುವವರ ವರದಿ ಚೆಲುವಾಗಿ ಕಾಣುತ್ತದೆ. ಸೇಬು ತಿಂದ ಮೇಲೆ ರಕ್ತದ ಈ ಅಂಕಿ ಜಿಗಿಯುವುದು ಕೂಡ ಸೇಬಿನ ಪಾಲಿಫಿನಾಲ್‌ನಿಂದಲ್ಲ, ಅದರ ಫ್ರಕ್ಟೋಸ್ ಏರಿಸಿದ ಯೂರಿಕ್ ಆಮ್ಲದಿಂದ ಎಂದು ಪ್ರಯೋಗಗಳು ತೋರಿಸಿವೆ. ಆ ಹಣ ಉಳಿಸಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ರಕ್ತದೊತ್ತಡ, ಲಿಪಿಡ್ (ರಕ್ತದ ಕೊಬ್ಬು), ಸೊಂಟದ ಸುತ್ತಳತೆ ನೋಡಿ, ಯೂರಿಕ್ ಆಮ್ಲವನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಕ್ಕನಿಗೆ ರೇಡಿಯೇಷನ್ ಶುರುವಾಗಿದೆ. ಶಕ್ತಿ ಬರಲೆಂದು ಆ್ಯಂಟಿಆಕ್ಸಿಡೆಂಟ್ ಪುಡಿ ಕೊಡಬಹುದೇ? (ಆರ್‌.ಟಿ. ನಗರ)

ಉತ್ತರ: ಕ್ಯಾನ್ಸರ್ ವೈದ್ಯರನ್ನು ಕೇಳದೆ ಬೇಡ. ರೇಡಿಯೇಷನ್ ಮತ್ತು ಕೆಲವು ಕಿಮೋ ಔಷಧಿಗಳು ರಾಡಿಕಲ್‌ಗಳನ್ನು ಹುಟ್ಟಿಸಿಯೇ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಪುಡಿ ಆ ಕೋಶವನ್ನೂ ಕಾಪಾಡಿಬಿಡಬಹುದು. ಮೆತ್ತಗಿನ ಅನ್ನ, ಬೇಳೆ, ಮೊಟ್ಟೆ, ಮೊಸರು, ಬೆಂದ ತರಕಾರಿ, ಸಿಪ್ಪೆ ತೆಗೆದ ಹಣ್ಣು ಧಾರಾಳವಾಗಿ ಕೊಡಿ. ಅಕ್ಕನಿಗೆ ಈಗ ಬೇಕಾದದ್ದು ಪ್ರೋಟೀನು ಮತ್ತು ತೂಕ ಇಳಿಯದಿರುವುದು.

ಪ್ರಶ್ನೆ: ಬ್ಲೂಬೆರಿಗೆ ಆ್ಯಂಟಿಆಕ್ಸಿಡೆಂಟ್ ಅಂಕ ಎಲ್ಲಕ್ಕಿಂತ ಹೆಚ್ಚಂತೆ. ಆದರೆ ಆ ಪುಟ್ಟ ಡಬ್ಬಿಯ ಬೆಲೆ ನಮ್ಮಂಥವರಿಗೆ ಎಟಕದು. ಮಕ್ಕಳಿಗೆ ಬದಲಿಗೆ ಏನು ಕೊಡಲಿ? (ಪೀಣ್ಯ)

ಉತ್ತರ: ಆ ಅಂಕದ ಹೆಸರು ಓರಾಕ್. ಪರೀಕ್ಷಾ ನಳಿಕೆಯಲ್ಲಿ ಬಂದ ಅಂಕಿಗೂ ದೇಹದೊಳಗೆ ನಡೆಯುವುದಕ್ಕೂ ತಾಳೆಯಿಲ್ಲ ಎಂದು ಅಮೆರಿಕದ ಕೃಷಿ ಇಲಾಖೆಯೇ ಆ ಪಟ್ಟಿಯನ್ನು 2012ರಲ್ಲಿ ತೆಗೆದುಹಾಕಿತು. ಬ್ಲೂಬೆರಿಯ ನೀಲಿ ಬಣ್ಣ ಆಂಥೊಸಯನಿನ್. ಅದೇ ಬಳಗದ ಬಣ್ಣ ನೇರಳೆ ಹಣ್ಣಿನಲ್ಲಿದೆ, ಬೆಂಗಳೂರು ನೀಲಿ ದ್ರಾಕ್ಷಿಯ ಸಿಪ್ಪೆಯಲ್ಲಿದೆ, ನೇರಳೆ ಬದನೆಯ ಸಿಪ್ಪೆಯಲ್ಲಿದೆ. ದ್ರಾಕ್ಷಿಯ ಸಿಪ್ಪೆ ಉಗುಳದೆ ಅಗಿಯಲು ಮಕ್ಕಳಿಗೆ ಹೇಳಿ. ತೀರ ಚಿಕ್ಕವರಿಗೆ ಗಂಟಲಲ್ಲಿ ಸಿಕ್ಕದಂತೆ ಉದ್ದಕ್ಕೆ ಸೀಳಿ, ಬೀಜ ತೆಗೆದು ಕೊಡಿ. ಕೆಂಪು ದಂಟಿನ ಸೊಪ್ಪಿನ ಬಣ್ಣ ಬೇರೆ ಜಾತಿಯದು, ಬೀಟ್‌ರೂಟಿನ ಬಳಗದ್ದು. ಈರುಳ್ಳಿಯ ಪಾಲಿಫಿನಾಲ್ ಆದ ಕ್ವೆರ್ಸೆಟಿನ್ ಹೊರಪದರದಲ್ಲೇ ಹೆಚ್ಚಿರುವುದರಿಂದ ಸಿಪ್ಪೆಯ ಜೊತೆ ಎರಡೆರಡು ಪದರ ಸುಲಿದು ಬಿಸಾಡಬೇಡಿ.

ಪ್ರಮಾಣ ಹೇಳಬೇಕೆಂದರೆ, ದೊಡ್ಡವರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಮತ್ತು 100 ಗ್ರಾಂ ಹಣ್ಣು ಎಂದು ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಹತ್ತು ವರ್ಷದ ಮಗುವಿಗೆ ಇದರ ಮುಕ್ಕಾಲು ಭಾಗವಾದರೂ ಸಿಗಲಿ. ರಾಗಿ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಯಬೇಡಿ, ಅದರ ಪಾಲಿಫಿನಾಲ್ ಇರುವುದು ಹೊಟ್ಟಿನಲ್ಲಿ. ಆದರೆ ಅದೇ ಅಂಶ ಕಬ್ಬಿಣವನ್ನೂ ಹಿಡಿದಿಡುವುದರಿಂದ ಮುದ್ದೆಯ ಜೊತೆ ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ. ಹೆಸರುಕಾಳು ಮೊಳಕೆ ಬಂದಾಗ ಒಣಕಾಳಿನಲ್ಲಿ ಇಲ್ಲದಿದ್ದ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ: ಎಂಟು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಡಿಸೆಂಬರ್ ಚಳಿಗೆ ಒಂದೂವರೆ ದಿನ ಬೇಕಾಗಬಹುದು. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಹಸಿಯಾಗಿ ಕೊಡದೆ ಚೆನ್ನಾಗಿ ಬೇಯಿಸಿ ಕೊಡಿ. ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ.

ನೇರಳೆ ಮುಂಗಾರಿನ ಹೊತ್ತಿಗೆ ಕೆಲವೇ ವಾರ ಸಿಗುತ್ತದೆ. ಅಗ್ಗವಾದ ದಿನ ಎರಡು ಕೆಜಿ ತಂದು ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರೆ ಮುದ್ದೆಯಾಗದೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಣ್ಣವೂ ಹೆಚ್ಚು ಕೆಡುವುದಿಲ್ಲ. ಬೇಕಾದಾಗ ಎಂಟು ಹತ್ತು ಹಣ್ಣು ತೆಗೆದು, ಹತ್ತು ನಿಮಿಷ ಹೊರಗಿಟ್ಟು, ಬೀಜ ತೆಗೆದು ಚಿಟಿಕೆ ಉಪ್ಪು ಸವರಿ ಕೊಡಿ.